ಹೆಂಗಸರ ಬಾಗಿಲಿನ ಟಿಕೆಟ್ಟು

ಮುಳಬಾಗಿಲಿನ ನಂಗಲಿ ರಸ್ತೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದ ಮೇಲೆ ಬೈರಮ್ಮನ ಮನೆಯಲ್ಲಿ ಜಗಳ ನಿಂತಿತು.

ಅದಕ್ಕೆ ಮುಂಚೆ ಆ ಮನೆಯಲ್ಲಿ ಒಲೆ ಹೊತ್ತಿದರೆ ಜೊತೆಗೆ ಜಗಳವೂ ಹೊತ್ತಿಕೊಳ್ಳುತ್ತಿತ್ತು. ಮಗ ಕದಿರೇಶ ಲೆಕ್ಕ ಬರೆಯುತ್ತಿದ್ದ ಎಣ್ಣೆ ಗಿರಣಿ ಬಾಗಿಲು ಹಾಕಿತ್ತು. ಯುದ್ಧದ ಕಾಲ. ಅಕ್ಕಿಗೆ ಕಾರ್ಡು, ಸೀಮೆಎಣ್ಣೆಗೆ ಕಾರ್ಡು. ಕೆಲಸ ಮಾತ್ರ ಯಾವ ಕಾರ್ಡು ತೋರಿಸಿದರೂ ಸಿಕ್ಕುತ್ತಿರಲಿಲ್ಲ. ಬೈರಮ್ಮ ಬಸ್ ನಿಲ್ಲುವ ಕಡೆ ಹುರಿದ ಕಡಲೆಕಾಯಿ ಮಾರಿ ತಂದದ್ದರಲ್ಲಿ ಮೂವರ ಹೊಟ್ಟೆ ನಡೆಯಬೇಕಿತ್ತು. ಸೊಸೆ ಶ್ಯಾಮಲಮ್ಮ ಶ್ರೀನಿವಾಸಪುರದ ಕಡೆಯವಳು, ಮಾವಿನ ತೋಪಿದ್ದ ಮನೆಯಲ್ಲಿ ಬೆಳೆದವಳು. ಸಾರಿಗೆ ಬೇಳೆ ಇಲ್ಲದ ದಿನ ಅವಳು ಪಾತ್ರೆ ಕುಕ್ಕುತ್ತಿದ್ದಳು. ಕದಿರೇಶ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಅವನು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಅವನ ಪಾಲಿನ ಮುದ್ದೆಯನ್ನು ನೋಡಿಕೊಂಡು, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದರು.

ಡೇರೆಯ ಯಜಮಾನ ದೊಡ್ಡವೆಂಕಟಪ್ಪ ಕೋಲಾರದವರು. ಓದು ಬರಹ ಬಲ್ಲ ಹುಡುಗ ಬೇಕು ಎಂದು ಅವರು ಕೇಳಿದಾಗ ಯಾರೋ ಕದಿರೇಶನ ಹೆಸರು ಹೇಳಿದರು. ಅವನು ಟಿಕೆಟ್ಟು ಕೊಡುವ ತಗಡಿನ ಗೂಡಿನಲ್ಲಿ ಕೂತ. ಬೈರಮ್ಮ ತನ್ನ ಕಡಲೆಕಾಯಿ ಬುಟ್ಟಿಯನ್ನು ಡೇರೆಯ ಮುಂದಕ್ಕೆ ಸಾಗಿಸಿದಳು. ಹೆಂಗಸರಿಗೆ ಬೇರೆ ಬಾಗಿಲು, ಒಳಗೆ ಪರದೆ ಕಟ್ಟಿ ಬೇರೆ ಜಾಗ. ಆ ಬಾಗಿಲಲ್ಲಿ ನಿಲ್ಲಲು ಹೆಂಗಸೊಬ್ಬಳು ಬೇಕೆಂದಾಗ ಬೈರಮ್ಮ ತಾನೇ ಮುಂದೆ ಹೋಗಿ, ಪಕ್ಕದ ಮನೆಯ ತಾಜುನ್ನೀಸಾಳ ಹೆಸರು ಹೇಳಿದಳು.

ತಾಜುನ್ನೀಸಾಳ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು, ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳನ್ನು ಮಾಲೂರಿಗೆ ಕೊಟ್ಟು, ಮನೆಯಲ್ಲಿ ಬೀಡಿ ಕಟ್ಟಿಕೊಂಡು ಇದ್ದಳು. ಎರಡು ಮನೆಯ ಹಿತ್ತಲಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಬೈರಮ್ಮನಿಗೆ ಬಾಣಂತನದಲ್ಲಿ ಜ್ವರ ಏರಿದಾಗ ಮಗುವನ್ನು ಆ ಗೋಡೆಯ ಮೇಲಿಂದಲೇ ಎತ್ತಿಕೊಂಡು ಹೋಗಿ ನೋಡಿಕೊಂಡವಳು ಅವಳು. ಊರೆಲ್ಲ ಕದಿರೇಶ ಎಂದರೆ ಅವಳು ಇವತ್ತಿಗೂ ಕದೀರ್ ಎನ್ನುತ್ತಿದ್ದಳು.

ಸಂಬಳ ಬರತೊಡಗಿತು, ಮನೆಯಲ್ಲಿ ಮಾತು ಮೆತ್ತಗಾಯಿತು. ಶಿವರಾತ್ರಿ ಕಳೆದ ಮೇಲೆ ಡೇರೆಗೆ ಒಂದು ತೆಲುಗು ಚಿತ್ರ ಬಂತು. ಮದರಾಸಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ಬಡವನೊಬ್ಬನ ಕಥೆ. ರೈಲಿನಲ್ಲಿ ಅವನ ಎದುರಿಗೆ ಕೂತ ಮುದುಕನೊಬ್ಬ ಎದೆ ಹಿಡಿದುಕೊಂಡು ಸತ್ತುಹೋಗುತ್ತಾನೆ. ಮುದುಕನ ಚರ್ಮದ ಚೀಲದ ತುಂಬ ನೋಟು. ಗುಮಾಸ್ತ ಆ ಚೀಲವನ್ನು ನೋಡುತ್ತಾನೆ, ಬಾಗಿಲನ್ನು ನೋಡುತ್ತಾನೆ, ಮತ್ತೆ ಚೀಲವನ್ನು ನೋಡುತ್ತಾನೆ. ಮುಂದೆ ಅದನ್ನು ಕಂಡ ಒಬ್ಬ ಅವನನ್ನು ಹೆದರಿಸಿ ಸುಲಿಯತೊಡಗುತ್ತಾನೆ, ಒಂದು ಕೊಲೆಯಾಗುತ್ತದೆ, ಪೋಲೀಸರು ಮನೆಗೆ ಬರುತ್ತಾರೆ. ಜನ ಉಸಿರು ಬಿಗಿಹಿಡಿದು ನೋಡಿದರು. ಬೈರಕೂರು, ನಂಗಲಿಯಿಂದ ಗಾಡಿ ಕಟ್ಟಿಕೊಂಡು ಬಂದರು. ಒಂದು ವಾರಕ್ಕೆಂದು ತಂದ ಚಿತ್ರ ಎರಡನೇ ವಾರ ಓಡಿತು, ಮೂರನೆಯದಕ್ಕೂ ಕಾಲಿಟ್ಟಿತು.

ಬೈರಮ್ಮ ದಿನವೂ ಮೊದಲನೇ ಆಟಕ್ಕೆ ಬುಟ್ಟಿ ಸಮೇತ ಹೆಂಗಸರ ಕಡೆ ಕೂತು ನೋಡುತ್ತಿದ್ದಳು. ಗುಮಾಸ್ತನ ಕೈ ಚೀಲದ ಕಡೆ ಹೋಗುವಾಗಲೆಲ್ಲ ಅವಳ ಬಾಯಿಂದ ತಾನಾಗಿ ಮಾತು ಬರುತ್ತಿತ್ತು.

"ವದ್ದು ನಾಯನಾ, ಮುಟ್ಟಬೇಡ ಕಣಪ್ಪ."

ಸುತ್ತಲಿನ ಹೆಂಗಸರು ನಗುತ್ತಿದ್ದರು. ನಿನ್ನೆ ಹೇಳಿದರೂ ಮುಟ್ಟಿದ, ಇವತ್ತು ಕೇಳ್ತಾನಾ ಎಂದು ರೇಗಿಸುತ್ತಿದ್ದರು.

ಆ ವಾರಗಳಲ್ಲೇ ಮನೆಗೆ ಕಾರ್ಡಿನಲ್ಲಿ ಸಿಕ್ಕದಿದ್ದ ಸಣ್ಣಕ್ಕಿ ಬಂತು. ಬೆಲ್ಲದ ಜಾಗದಲ್ಲಿ ಸಕ್ಕರೆ ಬಂತು. ಶ್ಯಾಮಲಮ್ಮನ ಕಿವಿಗೆ ಹೊಸ ಓಲೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಬೈರಮ್ಮನ ಮನಸ್ಸು ತುಂಬಿದ್ದು ಬೇರೆಯದಕ್ಕೆ. ಸಂಜೆ ಡೇರೆಗೆ ಹೊರಡುವ ಮುಂಚೆ ಸೊಸೆ ಹಂಡೆಗೆ ಉರಿ ಹಾಕಿ, "ಅತ್ತೆ, ನೀರು ಕಾದಿದೆ, ಬೆನ್ನು ಉಜ್ಜಿಕೊಡ್ತೀನಿ ಬನ್ನಿ" ಎನ್ನುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಆ ಹುಡುಗಿಯ ಕೈ ತನ್ನ ಮೈಗೆ ತಾಕಿದ್ದು ಅದೇ ಮೊದಲು. ಗಂಡ ಹೆಂಡತಿ ಜಗಲಿಯಲ್ಲಿ ಕೂತು ಸಣ್ಣ ದನಿಯಲ್ಲಿ ನಗುವುದು ಕೇಳಿಸುತ್ತಿತ್ತು. ಟಾಕೀಸಿನವರು ಇಷ್ಟು ಸಂಬಳ ಕೊಡುತ್ತಾರೆಯೇ ಎಂದು ಬೈರಮ್ಮನಿಗೆ ಒಂದೆರಡು ಸಲ ಅನ್ನಿಸಿತು. ಆದರೆ ಕೇಳಲಿಲ್ಲ.

ಒಂದು ಸಂಜೆ ಆಟಕ್ಕೆ ಮುಂಚೆ ಮಗನಿಗೆ ಕಾಫಿ ತೆಗೆದುಕೊಂಡು ಹೋದವಳು ತಗಡಿನ ಗೂಡಿನ ಹಿಂಬಾಗಿಲನ್ನು ತಳ್ಳಿದಳು. ಕದಿರೇಶ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ನೀಲಿ ಟಿಕೆಟ್ಟುಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೇರ ಮಾಡುತ್ತಿದ್ದ. ಹೆಂಗಸರ ಟಿಕೆಟ್ಟಿಗೆ ನೀಲಿ ಬಣ್ಣ. ಒಂದು ಮಡಿಸಿದ್ದು, ಒಂದು ಸೆರಗಿನ ತುದಿಗೆ ಕಟ್ಟಿ ಸುಕ್ಕಾದದ್ದು, ಒಂದಕ್ಕೆ ಕುಂಕುಮ ಮೆತ್ತಿದ್ದು. ತಾಜುನ್ನೀಸಾ ಬಾಗಿಲಲ್ಲಿ ಟಿಕೆಟ್ಟು ಇಸಕೊಂಡು ಡಬ್ಬಕ್ಕೆ ಹಾಕಿ, ಆಟ ಮುಗಿದ ಮೇಲೆ ಡಬ್ಬವನ್ನು ಕದಿರೇಶನಿಗೆ ಒಪ್ಪಿಸಬೇಕು, ಅವನು ಅವನ್ನು ಹರಿದು ಸುಡಬೇಕು. ಅದು ಕಟ್ಟಳೆ. ಬೈರಮ್ಮನಿಗೆ ಓದು ಬಾರದಿದ್ದರೂ ಒಂದು ಸಲ ಮಾರಿದ್ದನ್ನು ಮತ್ತೊಂದು ಸಲ ಮಾರಲು ಅಣಿ ಮಾಡುತ್ತಿರುವುದು ಅರ್ಥವಾಯಿತು.

ಮಗ ಮುಚ್ಚಿಡಲು ಹೋಗಲಿಲ್ಲ. ಕಾಫಿ ಲೋಟ ತೆಗೆದುಕೊಂಡು ತಲೆ ತಗ್ಗಿಸಿಯೇ ಹೇಳಿದ.

"ಎಲ್ಲಾನೂ ಅಲ್ಲಮ್ಮ. ದಿನಕ್ಕೆ ಒಂದಷ್ಟು. ಯಜಮಾನ್ರಿಗೆ ಎರಡು ಡೇರೆ ಇದೆ, ಕೋಲಾರದಲ್ಲಿ ಮಹಡಿ ಮನೆ ಇದೆ. ಅವರಿಗೆ ಇದು ಗೊತ್ತೂ ಆಗಲ್ಲ."

"ಆ ಗುಮಾಸ್ತಾನೂ ಹಿಂಗೇ ಅಂದ್ಕೊಂಡ."

"ಅದು ಸಿನಿಮಾ ಕಣಮ್ಮ. ಇಲ್ಲಿ ಯಾರೂ ಸಾಯಲ್ಲ."

ಬೈರಮ್ಮ ಹೊರಗೆ ಬಂದು ಬುಟ್ಟಿಯ ಮುಂದೆ ಕೂತಳು. ಅವತ್ತು ಚಿತ್ರದಲ್ಲಿ ಗುಮಾಸ್ತನ ಕೈ ಚೀಲದ ಕಡೆ ಹೋದಾಗ ಅವಳು ಸುಮ್ಮನಿದ್ದಳು. ಪಕ್ಕದವಳು ಮೊಣಕೈಯಿಂದ ತಿವಿದು, ಇವತ್ತು ಯಾಕೆ ಬುದ್ಧಿ ಹೇಳಲಿಲ್ಲ ಎಂದು ಕೇಳಿದಳು.

ಇವತ್ತು ಹೇಳುತ್ತೇನೆ, ನಾಳೆ ಗದರಿಸಿ ನಿಲ್ಲಿಸುತ್ತೇನೆ ಎಂದುಕೊಂಡೇ ದಿನಗಳು ಹೋದವು. ಬೆಳಿಗ್ಗೆ ಬಾಯಿ ತೆರೆಯಬೇಕೆಂದಿದ್ದರೆ ಸೊಸೆ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಮುಂದಿಡುತ್ತಿದ್ದಳು. ಸಂಜೆ ಹೇಳಬೇಕೆಂದಿದ್ದರೆ ಬೆನ್ನಿಗೆ ಬಿಸಿನೀರು ಬೀಳುತ್ತಿತ್ತು. ಬಾಯಿಬಿಟ್ಟರೆ ಅಕ್ಕಿಯ ಜೊತೆಗೆ ಆ ಕೈಯೂ ಹೋಗುತ್ತದೆ, ಜಗಲಿಯ ನಗುವೂ ಹೋಗುತ್ತದೆ. ಬೈರಮ್ಮ ತುಪ್ಪದ ಅನ್ನ ಉಂಡಳು. ಚಿತ್ರದಲ್ಲಿ ಗುಮಾಸ್ತನ ತಾಯಿ ಮೊದಲನೇ ಹಾಡಿಗೆ ಮುಂಚೆಯೇ ಸತ್ತುಹೋಗಿರುತ್ತಿದ್ದಳು. ಮಗ ಹೀಗೆ ಮಾಡಿದರೆ ತಾಯಾದವಳು ಏನು ಮಾಡಬೇಕು ಎಂಬುದನ್ನು ಆ ಚಿತ್ರ ಹೇಳುತ್ತಿರಲಿಲ್ಲ.

ಮೂರನೇ ವಾರದ ಸಂತೆಯ ದಿನ ದೊಡ್ಡವೆಂಕಟಪ್ಪನವರು ಹೇಳದೆ ಕೇಳದೆ ಕೋಲಾರದಿಂದ ಬಂದರು. ಡೇರೆ ಕಿಕ್ಕಿರಿದಿದೆ, ಕೈಗೆ ಬರುವ ದುಡ್ಡು ಅಷ್ಟಕ್ಕಷ್ಟೆ ಎಂದು ಅವರಿಗೆ ಅನುಮಾನ ಬಂದಿತ್ತು. ಮಧ್ಯಂತರದಲ್ಲಿ ದೀಪ ಹಾಕಿಸಿ, ಪರದೆಯ ಈಚೆ ನಿಂತು ಹೆಂಗಸರನ್ನು ಎಣಿಸಿದರು. ಲೆಕ್ಕದಲ್ಲಿ ಮಾರಾಟವಾದ ಟಿಕೆಟ್ಟಿಗಿಂತ ಕೂತ ತಲೆಗಳು ಹೆಚ್ಚಾಗಿದ್ದವು. ಅವರು ಡಬ್ಬ ತೆರೆದೂ ನೋಡದೆ ನೇರವಾಗಿ ಬಾಗಿಲಿಗೆ ಹೋಗಿ ತಾಜುನ್ನೀಸಾಳನ್ನು ನಿಲ್ಲಿಸಿಕೊಂಡು, ಕೈಗೆ ಕಾಸು ಹಾಕಿಸಿಕೊಂಡು ಎಷ್ಟು ಜನರನ್ನು ಪುಕ್ಕಟೆ ಒಳಗೆ ಬಿಟ್ಟೆ ಎಂದು ಎಲ್ಲರ ಮುಂದೆ ಕೇಳಿದರು. ಅವಳು ಒಂದೇ ಮಾತು ಹೇಳಿದಳು.

"ನಾನು ಹಾಗೆ ಮಾಡಿಲ್ಲ ಸಾಹೇಬರೇ."

ಹಾಗಾದರೆ ಯಾರು ಎಂದು ಅವರು ಕೇಳುತ್ತಿದ್ದ ಹಾಗೆಯೇ ಅವಳು ಡಬ್ಬವನ್ನು ನೆಲಕ್ಕಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಯಲು ದಾಟಿ ಮನೆಯ ಕಡೆ ನಡೆದಳು. ಕದಿರೇಶ ಗೂಡಿನ ಕಿಂಡಿಯಲ್ಲಿ ನೋಡುತ್ತಿದ್ದ. ಬೈರಮ್ಮ ಬುಟ್ಟಿಯ ಹಿಂದೆ ಕೂತಿದ್ದಳು. ಯಾರೋ ಕಾಸು ಚಾಚಿದರು, ಅವಳು ಕಡಲೆಕಾಯಿ ಅಳೆದು ಕೊಟ್ಟಳು.

ಮಾರನೇ ದಿನ ಬೈರಮ್ಮ ತನಗೆಂದು ಬೇರೆ ಮಡಕೆ ಇಟ್ಟು ರಾಗಿ ಅಂಬಲಿ ಕಾಸಿಕೊಂಡಳು. ಶ್ಯಾಮಲಮ್ಮ ತಟ್ಟೆಯಲ್ಲಿ ಅನ್ನ ಹಾಕಿ ತಂದವಳು ನಿಂತಲ್ಲೇ ನಿಂತಳು.

"ಇದೇನು ಅತ್ತೆ?"

"ನಂಗೆ ಇದೇ ಸಾಕು ಕಣೇ."

ಕದಿರೇಶ ಮಣೆಯ ಮೇಲಿಂದಲೇ ಗದರಿದ. ಊರಿಗೆಲ್ಲ ಕಾಣುವ ಹಾಗೆ ನಾಟಕ ಆಡಬೇಡ ಎಂದ. ನಾಟಕವಲ್ಲ, ಗಂಟಲಲ್ಲಿ ಇಳಿಯುತ್ತಿಲ್ಲ ಎಂದಳು ಬೈರಮ್ಮ. ತಾಜಮ್ಮನಿಗೆ ತಾನು ಹೇಗಾದರೂ ಸಹಾಯ ಮಾಡುತ್ತೇನೆ, ಅವಳಿಗೆ ಏನೂ ಗೊತ್ತಿಲ್ಲ, ಬೀಡಿ ಕಟ್ಟಿಕೊಂಡು ಮೊದಲಿನ ಹಾಗೇ ಇರುತ್ತಾಳೆ, ನಾಲ್ಕು ದಿನಕ್ಕೆ ಊರು ಮರೆಯುತ್ತದೆ ಎಂದು ಅವನು ಒಂದೇ ಉಸಿರಿಗೆ ಹೇಳಿ ಎದ್ದು ಹೋದ. ಎಷ್ಟೋ ವಾರಗಳ ಮೇಲೆ ಅವನ ತಟ್ಟೆಯಲ್ಲಿ ಅನ್ನ ಉಳಿಯಿತು.

ಅವನು ಹೋದ ಮೇಲೆ ಶ್ಯಾಮಲಮ್ಮ ಅತ್ತೆಯ ಎದುರಿಗೆ ಕೂತಳು. ಅವಳಿಗೆ ಎಲ್ಲ ಗೊತ್ತಿತ್ತು.

"ಕೆಲಸ ಇಲ್ದೆ ಇದ್ದಾಗ ಅವರು ನನ್ನ ಮುಖ ನೋಡ್ತಿರಲಿಲ್ಲ ಅತ್ತೆ. ಒಂದೇ ಮನೇಲಿದ್ದು, ಪಕ್ಕದಲ್ಲೇ ಮಲಗಿದ್ದು, ನೋಡ್ತಿರಲಿಲ್ಲ. ಈಗ ನೋಡ್ತಾರೆ. ಅದನ್ನ ನನ್ನಿಂದ ಕಿತ್ಕೋಬೇಡಿ."

ಬೈರಮ್ಮನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ತಾನೂ ಅದನ್ನೇ ಕಾಪಾಡಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದವಳು. ಸೊಸೆಯ ಕೈ ಹಿಡಿದುಕೊಂಡಳು, ಆಮೇಲೆ ಅಂಬಲಿಯ ಮಡಕೆ ತೊಳೆಯಲು ಎದ್ದಳು.

ಗೋಡೆಯ ಆಚೆ ಬೀಡಿ ಎಲೆ ಕತ್ತರಿಸುವ ಸದ್ದು ಬೆಳಿಗ್ಗೆಯಿಂದ ಸಂಜೆವರೆಗೂ ಕೇಳಿಸುತ್ತಿತ್ತು. ಬಾವಿಯ ಹತ್ತಿರ ಊರಿನ ಹೆಂಗಸರು ತಾಜುನ್ನೀಸಾ ಬಂದರೆ ಮಾತು ನಿಲ್ಲಿಸುತ್ತಿದ್ದರು. ಡೇರೆಯ ಕಳ್ಳಿ ಎಂದು ಯಾರೋ ಅಂದದ್ದು ಬೈರಮ್ಮನ ಕಿವಿಗೂ ಬಿತ್ತು. ವಾರ ತುಂಬುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ. ಮಧ್ಯಾಹ್ನ, ಬೀದಿ ನಿರ್ಜನವಾಗಿದ್ದಾಗ, ಪಕ್ಕದ ಮನೆಯ ಹೊಸ್ತಿಲು ದಾಟಿದಳು.

ತಾಜುನ್ನೀಸಾ ಮೊರವನ್ನು ಪಕ್ಕಕ್ಕೆ ಸರಿಸಿ ಚಾಪೆ ಹಾಕಿದಳು. ಬೈರಮ್ಮ ಕೂರಲಿಲ್ಲ. ನಿಂತೇ ಇದ್ದು, ಹೇಗೆ ಶುರು ಮಾಡಬೇಕೆಂದು ತಿಳಿಯದೆ, ಶುರು ಮಾಡಿದಳು. ಆ ಟಿಕೆಟ್ಟು, ನನ್ನ ಮಗ, ಎಂದಷ್ಟೇ ಆಗಿತ್ತು.

"ಗೊತ್ತು ಬೈರಕ್ಕ" ಎಂದಳು ತಾಜುನ್ನೀಸಾ.

ಹೇಗೆ ಗೊತ್ತಾಯಿತು ಎಂದಳು ಬೈರಮ್ಮ.

"ಒಂದು ಟಿಕೆಟ್ಟಿನ ಮೇಲೆ ಯಾರದೋ ಅರಿಶಿನದ ಬೆರಳು ಮೂಡಿತ್ತು. ಡಬ್ಬಕ್ಕೆ ಹಾಕ್ದೆ. ಮಾರನೇ ದಿವಸ ಅದೇ ಬೆರಳು ಮತ್ತೆ ನನ್ನ ಕೈಗೆ ಬಂತು. ಡಬ್ಬ ನಾನು ಕೊಡೋದು ಒಬ್ಬನಿಗೇ ಅಲ್ವಾ."

"ಮತ್ತೆ ಯಜಮಾನ್ರು ಕೇಳ್ದಾಗ ಯಾಕೆ ಬಾಯಿ ಬಿಡಲಿಲ್ಲ? ನಂಗಾದ್ರೂ ಯಾಕೆ ಹೇಳಲಿಲ್ಲ?"

ತಾಜುನ್ನೀಸಾ ಕೈಯಲ್ಲಿದ್ದ ಎಲೆಯನ್ನು ಸುತ್ತಿ, ದಾರ ಕಟ್ಟಿ, ಮೊರಕ್ಕೆ ಹಾಕಿದಳು.

"ಅವರಿಗೆ ಹೇಳಿದ್ರೆ ಕದೀರ್‌ಗೆ ಜೈಲು. ಈ ತೋಳಲ್ಲಿ ಎತ್ತಿ ಆಡಿಸಿದೀನಿ ಅವನನ್ನ, ಹೆಂಗೆ ಹೇಳ್ಲಿ? ನಿಂಗೆ ಹೇಳಿದ್ರೆ ನೀನು ನಾಚಿಕೊಂಡು ಈ ಹೊಸ್ತಿಲು ದಾಟೋದು ಬಿಟ್ಬಿಡ್ತಿದ್ದೆ. ನೀನೂ ಬರೋದು ನಿಂತ್ರೆ ನಂಗೆ ಯಾರಿದಾರೆ ಬೈರಕ್ಕ?"

ಬೈರಮ್ಮ ಆಗ ಕೂತಳು. ಅಳು ಬಂತು. ತಾಜುನ್ನೀಸಾ ಒಳಗಿನಿಂದ ನೀರು ತಂದು ಕೊಟ್ಟು, ಮತ್ತೆ ಕೆಲಸಕ್ಕೆ ಕೈ ಹಾಕಿದಳು.

ಸಂಜೆ ಕದಿರೇಶ ಡೇರೆಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದ. ಬೈರಮ್ಮ ಬಾಗಿಲಿಗೆ ಅಡ್ಡ ಕೂತು, ಅರಿಶಿನದ ಬೆರಳಿನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಬೈಯಲಿಲ್ಲ. ಅವನ ಕೈ ಗುಂಡಿಯ ಮೇಲೆ ನಿಂತಿತು. ತಾಜಮ್ಮನಿಗೆ ಏನೂ ಗೊತ್ತಿಲ್ಲ ಎಂಬ ಒಂದು ಮಾತನ್ನು ಹಿಡಿದುಕೊಂಡು ಅವನು ಅಷ್ಟು ದಿನ ಊಟ ಮಾಡಿದ್ದ, ನಿದ್ದೆ ಮಾಡಿದ್ದ.

"ಮೊದಲೇ ಗೊತ್ತಿತ್ತಂತಾ?"

"ಯಜಮಾನ್ರು ಬರೋಕೆ ಮುಂಚೇನೇ."

"ನಾನು ಕಿಂಡೀಲಿ ಇದ್ದೆ ಅಮ್ಮ. ಹೋಗುವಾಗ ನನ್ನ ಕಡೆ ಒಂದು ಸಲ ನೋಡಿದ್ರು. ಸಹಾಯ ಮಾಡು ಅಂತಿದಾರೆ ಅಂದ್ಕೊಂಡೆ."

ಅವನು ಮಣೆಯ ಮೇಲೆ ಕೂತ. ಹೊತ್ತಾಗುತ್ತಿದೆ, ಟಿಕೆಟ್ಟಿಗೆ ಜನ ನಿಂತಿರುತ್ತಾರೆ ಎಂದು ಶ್ಯಾಮಲಮ್ಮ ಒಳಗಿನಿಂದ ನೆನಪಿಸಿದಳು. ದೊಡ್ಡವೆಂಕಟಪ್ಪನವರು ಅವತ್ತು ಊರಲ್ಲೇ ಇದ್ದರು, ಮುಸಾಫಿರಖಾನೆಯಲ್ಲಿ ಇಳಿದಿದ್ದರು. ಕದಿರೇಶ ಎದ್ದ. ಜೊತೆಗೆ ತಾನೂ ಬರುತ್ತೇನೆಂದು ಬೈರಮ್ಮ ಸೆರಗು ಸರಿಮಾಡಿಕೊಂಡಳು.

"ಬೇಡಮ್ಮ. ನೀನು ಜೊತೇಲಿದ್ರೆ ಅವರು ನಿನ್ನ ಮುಖ ನೋಡಿ ಬಿಟ್ಬಿಡ್ತಾರೆ" ಎಂದು ಹೇಳಿ ಒಬ್ಬನೇ ಹೋದ.

ಶ್ಯಾಮಲಮ್ಮ ಅವನ ಹಿಂದೆ ಬೀದಿಯವರೆಗೂ ಓಡಿದಳು, ಅಂಗಿ ಹಿಡಿದು ಎಳೆದಳು. ಅವನು ಅವಳ ಕೈಯನ್ನು ಮೆಲ್ಲಗೆ ಬಿಡಿಸಿದ. ಹಿಂದಕ್ಕೆ ಬಂದವಳು ಅತ್ತೆಯ ಕಡೆ ತಿರುಗಿ, ನಿಮ್ಮ ಮನಸ್ಸಿಗೆ ಈಗ ತಂಪಾಯಿತಾ ಎಂದು ಕೇಳಿ, ಒಳಕೋಣೆಯ ಬಾಗಿಲು ಹಾಕಿಕೊಂಡಳು. ಬೈರಮ್ಮ ಒಲೆಯ ಮುಂದೆ ಕೂತಳು. ಪೋಲೀಸು ಬರಬಹುದು, ಬೇಡಿ ಹಾಕಬಹುದು, ಚಿತ್ರದಲ್ಲಿ ಕಂಡದ್ದೆಲ್ಲ ಬಾಗಿಲಿಗೆ ಬಂದು ನಿಂತ ಹಾಗಾಯಿತು. ಮುದ್ದೆಗೆ ಎಸರು ಇಟ್ಟಿದ್ದಳು. ಅದು ಕುದಿದು ಕುದಿದು ತಳ ಹತ್ತಿತು.

ದೀಪ ಹಚ್ಚುವ ಹೊತ್ತಿಗೆ ಕದಿರೇಶ ಬಂದ. ಒಂದು ಕೆನ್ನೆ ಕೆಂಪಾಗಿತ್ತು. ನಡೆದದ್ದನ್ನು ಅವನೇ ಹೇಳಿದ. ದೊಡ್ಡವೆಂಕಟಪ್ಪನವರು ಕೇಳಿದ ಕೂಡಲೇ ಹೊಡೆದರು. ಆಮೇಲೆ ಕುರ್ಚಿಯಲ್ಲಿ ಕೂತರು. ಆ ಹೆಂಗಸನ್ನು ನಾನು ಅಷ್ಟು ಜನರ ಮುಂದೆ ಕಳ್ಳಿ ಅಂದೆನಲ್ಲೋ, ಆ ಮಾತನ್ನು ಹೇಗೆ ವಾಪಸು ತರಲಿ ಎಂದರು. ಪೋಲೀಸಿಗೆ ಹೇಳುವುದಿಲ್ಲ, ಆದರೆ ಈ ವರ್ಷ ಡೇರೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆಲ್ಲ ಬಂದು ಗೂಟ ಹೊಡೆಯಬೇಕು, ಊಟ ಮಾತ್ರ, ಸಂಬಳ ಇಲ್ಲ. ಅದಕ್ಕೆ ಮೊದಲು ಇವತ್ತೇ ಮಾಡಬೇಕಾದ ಕೆಲಸ ಇನ್ನೊಂದಿದೆ ಎಂದರು.

ಅದನ್ನು ಬೈರಮ್ಮ ಕಣ್ಣಾರೆ ನೋಡಿದಳು. ಮಧ್ಯಂತರದಲ್ಲಿ ಬೆಳ್ಳಿ ಪರದೆಯ ಮುಂದೆ ಯಜಮಾನರು ನಿಂತರು, ಪಕ್ಕದಲ್ಲಿ ಕದಿರೇಶ. ಟಿಕೆಟ್ಟು ಕದ್ದವನು ನಾನು, ತಾಜುನ್ನೀಸಾ ಅವರದು ಏನೂ ತಪ್ಪಿಲ್ಲ ಎಂದು ಅವನು ಹೇಳಿದ. ದನಿ ಹಿಂದಿನವರಿಗೆ ಕೇಳಿಸಲಿಲ್ಲ. ಯಜಮಾನರು ಇನ್ನೊಂದು ಸಲ ಹೇಳಿಸಿದರು. ಅವನು ಜೋರಾಗಿ, ಕಣ್ಣು ಮುಚ್ಚಿಕೊಂಡು ಹೇಳಿದ. ಬೈರಮ್ಮನಿಗೆ ನಾಚಿಕೆಯಾಯಿತು, ಅದರ ಜೊತೆಗೇ ಎದ್ದು ಹೋಗಿ ಅವನ ತಲೆ ಸವರಬೇಕೆಂದೂ ಅನ್ನಿಸಿತು.

ಮಾರನೇ ಸಂಜೆ ಯಜಮಾನರು ತಾವೇ ತಾಜುನ್ನೀಸಾಳ ಮನೆಗೆ ಹೋಗಿ ಕರೆದರು. ಟಿಕೆಟ್ಟನ್ನು ಬಾಗಿಲಲ್ಲಿ ನಾನೇ ಹರಿಯುತ್ತೇನೆ, ಹಾಗಾದರೆ ಬರುತ್ತೇನೆ ಎಂದಳಂತೆ. ಅವರು ಒಪ್ಪಿದರು. ಚಿತ್ರ ಮುಗಿದು ಡೇರೆ ಏಳುವವರೆಗೂ ಅವಳು ಬಾಗಿಲಲ್ಲಿ ನಿಂತಳು.

ಯುಗಾದಿ ಕಳೆದ ಮೇಲೆ ಡೇರೆಯ ಗಾಡಿಗಳು ಶ್ರೀನಿವಾಸಪುರದ ದಾರಿ ಹಿಡಿದವು. ಹೆಂಡತಿಯ ತವರೂರಿನಲ್ಲಿ, ಅವಳ ಅಣ್ಣಂದಿರ ಕಣ್ಣ ಮುಂದೆಯೇ ಗೂಟ ಹೊಡೆಯಬೇಕಾಗಿ ಬಂದದ್ದು ಕದಿರೇಶನಿಗೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆಯಾಗಿತ್ತು. ಹೊರಡುವ ದಿನ ಅವನು ತಾಜುನ್ನೀಸಾಳ ಹೊಸ್ತಿಲಲ್ಲಿ ನಿಂತು ಕಾಲು ಮುಟ್ಟಲು ಬಗ್ಗಿದ. ಅವಳು ಭುಜ ಹಿಡಿದು ಎತ್ತಿ, ಬಿಸಿಲಲ್ಲಿ ತಲೆಗೆ ಟವಲು ಸುತ್ತಿಕೋ ಕದೀರ್ ಎಂದಳು. ಶ್ಯಾಮಲಮ್ಮ ರೊಟ್ಟಿ ಗಂಟು ಕಟ್ಟಿಕೊಟ್ಟಳು. ಗಾಡಿ ಹೊರಟಾಗ ಕದಿರೇಶ ಹೆಂಡತಿಯ ಮುಖವನ್ನೇ ನೋಡುತ್ತ ಹೋದ. ಅವಳು ಅದನ್ನು ಗಮನಿಸಿದಳೋ ಇಲ್ಲವೋ ಬೈರಮ್ಮನಿಗೆ ತಿಳಿಯಲಿಲ್ಲ.

ಆಮೇಲೆ ಮನೆಯಲ್ಲಿ ಇಬ್ಬರೇ ಉಳಿದರು. ಹಂಡೆಗೆ ಯಾರೂ ಉರಿ ಹಾಕಲಿಲ್ಲ. ಓಲೆಯನ್ನು ಶ್ಯಾಮಲಮ್ಮ ತಾನೇ ಬಿಚ್ಚಿ ಗಂಡನ ಕೈಯಲ್ಲಿ ಯಜಮಾನರಿಗೆ ಕಳಿಸಿದ್ದಳು. ಬರಿಗಿವಿಗೆ ಬೇವಿನ ಕಡ್ಡಿ ಚುಚ್ಚಿಕೊಂಡಿದ್ದಳು. ಅತ್ತೆಯ ಜೊತೆ ಮಾತಿಲ್ಲ. ಬಡಿಸಿ, ತನ್ನ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಬೈರಮ್ಮ ಮತ್ತೆ ಬಸ್ಸು ನಿಲ್ಲುವಲ್ಲಿಗೆ ಬುಟ್ಟಿ ಹೊತ್ತಳು. ಬಂದದ್ದರಲ್ಲಿ ರಾಗಿ ಬರುತ್ತಿತ್ತು, ಬೇಳೆ ಒಂದೊಂದು ದಿನ ಬರುತ್ತಿರಲಿಲ್ಲ. ಬೇಳೆ ಇಲ್ಲದ ದಿನ ಸೊಸೆ ಪಾತ್ರೆ ಕುಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಎಂದು ಅನ್ನಿಸುತ್ತಿತ್ತು.

ಮಾವಿನಕಾಯಿ ಬಲಿಯುವ ಕಾಲಕ್ಕೆ ಒಂದು ದಿನ ಬೈರಮ್ಮ ಬುಟ್ಟಿ ಇಳಿಸಿ ಒಳಗೆ ಬಂದರೆ ಶ್ಯಾಮಲಮ್ಮ ಮನೆಯಲ್ಲಿರಲಿಲ್ಲ. ಗೋಡೆಯ ಆಚೆಯಿಂದ ಅವಳ ದನಿ ಕೇಳಿಸಿತು. ಏನು ಮಾತಾಡುತ್ತಿದ್ದಾಳೆಂದು ತಿಳಿಯಲಿಲ್ಲ. ನಡುವೆ ಒಂದು ಸಲ ಅತ್ತ ಹಾಗೆ, ಒಂದು ಸಲ ತಾಜುನ್ನೀಸಾ ನಕ್ಕ ಹಾಗೆ ಕೇಳಿಸಿತು. ಬೈರಮ್ಮ ಆಚೆ ಇಣುಕಲಿಲ್ಲ. ಒಲೆ ಹೊತ್ತಿಸಿದಳು.

ಶ್ಯಾಮಲಮ್ಮ ಬಂದಾಗ ಅವಳ ತಲೆಯ ಮೇಲೆ ಒಂದು ಮೊರ ಇತ್ತು. ಮೊರದಲ್ಲಿ ನೆನೆಸಿದ ಬೀಡಿ ಎಲೆ, ಒಂದು ಕತ್ತರಿ, ಅಳತೆಗೆ ಒಂದು ತಗಡಿನ ತುಂಡು, ದಾರದ ಉಂಡೆ. ನಡುಮನೆಯಲ್ಲಿ ಕಾಲು ಚಾಚಿ ಕೂತು, ತಗಡನ್ನು ಎಲೆಯ ಮೇಲಿಟ್ಟು ಕತ್ತರಿಸಿದಳು. ಎಲೆ ಹರಿಯಿತು. ಇನ್ನೊಂದು ತೆಗೆದುಕೊಂಡಳು, ಅದೂ ಹರಿಯಿತು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಒಲೆಯ ಕಡೆ ತಿರುಗಿದಳು.

"ಅತ್ತೆ, ನರ ಈ ಕಡೆ ಬರಬೇಕಾ, ಆ ಕಡೆ ಬರಬೇಕಾ? ತಾಜಮ್ಮ ಹೇಳಿದ್ರು, ಮರೆತುಹೋಯ್ತು."

ಬೈರಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರಸಿಕೊಂಡು ಪಕ್ಕದಲ್ಲಿ ಬಂದು ಕೂತಳು. ಎಲೆಯನ್ನು ಈ ಕಡೆ ತಿರುಗಿಸಿ ನೋಡಿದಳು, ಆ ಕಡೆ ತಿರುಗಿಸಿ ನೋಡಿದಳು. ಅಷ್ಟು ವರ್ಷ ಗೋಡೆಯ ಈಚೆ ಕೂತು ಆ ಸದ್ದು ಕೇಳಿದ್ದಳೇ ಹೊರತು ಒಂದು ಬೀಡಿಯನ್ನೂ ಕಟ್ಟಿದವಳಲ್ಲ.

"ನಂಗೂ ಗೊತ್ತಿಲ್ಲ ಕಣೇ" ಎಂದಳು. "ಕೂಗು ಅವಳನ್ನ. ಊಟಾನೂ ಇಲ್ಲೇ ಮಾಡ್ಲಿ."

ಶ್ಯಾಮಲಮ್ಮ ಎದ್ದು ಹಿತ್ತಲಿನ ಗೋಡೆಯ ಹತ್ತಿರ ಹೋದಳು. ಬೈರಮ್ಮ ಪಾತ್ರೆಗೆ ಇನ್ನೊಂದು ಹಿಡಿ ರಾಗಿ ಹಿಟ್ಟು ಹಾಕಿದಳು.